ಕಲ್ಲು, ನೀರು, ಗುಡ್ಡ: ಭೂವಿಜ್ಞಾನ ಓದಿದವರು ಏನು ಮಾಡುತ್ತಾರೆ?

ಚಿಂತಾಮಣಿ ಕಡೆಯ ಒಂದು ಹೊಲ. ರಾಗಿ ಕೊಯ್ದು ಕೂಳೆ ಮಾತ್ರ ಉಳಿದಿತ್ತು. ನಾಲ್ಕು ಕಬ್ಬಿಣದ ಸಲಾಕೆಗಳನ್ನು ಒಂದೇ ಸಾಲಿನಲ್ಲಿ ನೆಲಕ್ಕೆ ಹೊಡೆದು, ಅವಕ್ಕೆ ವೈರು ಸಿಕ್ಕಿಸಿ, ಮಧ್ಯದಲ್ಲಿ ಮೀಟರ್ ಪೆಟ್ಟಿಗೆ ಇಟ್ಟುಕೊಂಡು ಕೂತಿದ್ದೆ. ಎಂ.ಎಸ್ಸಿ. ಮುಗಿಸಿ ಆರು ತಿಂಗಳೂ ಆಗಿರಲಿಲ್ಲ. ಹೊಲದ ಯಜಮಾನರು ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ಪೆಟ್ಟಿಗೆಯ ಅಂಕಿಗಳನ್ನೇ ನೋಡುತ್ತಿದ್ದರು. ಅಷ್ಟರಲ್ಲಾಗಲೇ ಅವರ ಮೂರು ಬೋರ್ ಫೇಲಾಗಿದ್ದವು. "ಈ ಸಲ ಎರಡು ಇಂಚು ನೀರು ಬಂದ್ರೂ ಸಾಕಮ್ಮಾ" ಅಂದರು.

ನಾನು ಗುರುತು ಹಾಕಿದ ಜಾಗಕ್ಕೆ ಬೋರ್ ಲಾರಿ ಬಂತು. ಮೊದಲ 60 ಅಡಿ ಒದ್ದೆ ಜೇಡಿಮಣ್ಣು. ಆಮೇಲೆ ಬಿಳಿ ಧೂಳು. 1,000 ಅಡಿ ಮುಟ್ಟಿದರೂ ಧೂಳೇ. ಯಜಮಾನರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಟವೆಲ್ಲಿನಿಂದ ಮುಖ ಒರೆಸಿಕೊಂಡು ಲಾರಿಯವರಿಗೆ ನಿಲ್ಲಿಸಲು ಕೈ ಮಾಡಿದರು.

ಸಂಜೆ ಕೆಲಸದಲ್ಲಿ ನನ್ನ ಹಿರಿಯರಾದವರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ. "ಅಲ್ಲಮ್ಮಾ, ಹೊಲದ ಮೂಲೇಲಿ ಹಳೇ ತೆರೆದ ಬಾವಿ ಇತ್ತಲ್ಲ, ಅದರೊಳಗೆ ಒಂದ್ಸಲ ಇಣುಕಿ ನೋಡಿದ್ಯಾ?"

ನೋಡಿರಲಿಲ್ಲ. ಮಾರನೇ ದಿನ ಹೋಗಿ ನೋಡಿದೆ. ಬತ್ತಿದ ಬಾವಿ. ಗೋಡೆಯಲ್ಲಿ ಎಲ್ಲ ಎದ್ದು ಕಾಣುತ್ತಿತ್ತು. ಮೇಲೆ ಕೆಂಪು ಮಣ್ಣು, ಅದರ ಕೆಳಗೆ ದಪ್ಪನೆಯ ಅಂಟು ಜೇಡಿ, ತಳದಲ್ಲಿ ಒಂದು ಬಿರುಕೂ ಇಲ್ಲದ ಕಲ್ಲು.

ಭೂವಿಜ್ಞಾನದ ಓದು ಅಂದರೆ ಏನು ಎಂದು ಯಾರಾದರೂ ಕೇಳಿದರೆ ನಾನು ಈ ಬಾವಿಯಿಂದಲೇ ಶುರು ಮಾಡುತ್ತೇನೆ. ಕಣ್ಣಿಗೆ ಕಾಣುವುದನ್ನು ಸರಿಯಾಗಿ ನೋಡಿ, ಅದರಿಂದ ಕಾಣದೇ ಇರುವುದನ್ನು ಲೆಕ್ಕ ಹಾಕುವುದು. ಈ ಓದಿನ ಉಳಿದ ಎಲ್ಲ ವಿಷಯಗಳೂ, ಅದರಿಂದ ಸಿಗುವ ಎಲ್ಲ ಕೆಲಸಗಳೂ ಇದರ ಸುತ್ತಲೇ ಇವೆ.

ಆ ದಿನ ತಪ್ಪಾಗಿದ್ದೆಲ್ಲಿ?

ಕೋಲಾರ, ಚಿಕ್ಕಬಳ್ಳಾಪುರದ ನೆಲದಡಿ ಬಹುಪಾಲು ಇರುವುದು ಗ್ರಾನೈಟ್ ಮತ್ತು ನೈಸ್ ಎನ್ನುವ ಗಟ್ಟಿ ಕಲ್ಲು. ಮರಳಿನಂತೆ ಈ ಕಲ್ಲು ತನ್ನೊಳಗೆ ನೀರು ಹಿಡಿದಿಟ್ಟುಕೊಳ್ಳುವುದಿಲ್ಲ. ನೀರು ಇರುವುದು ಎರಡೇ ಕಡೆ. ಒಂದು, ಮೇಲ್ಭಾಗದಲ್ಲಿ ಬಿಸಿಲು ಮಳೆಗೆ ಕಲ್ಲು ಶಿಥಿಲವಾಗಿ ಪುಡಿಪುಡಿಯಾದ ಪದರದಲ್ಲಿ. ಇನ್ನೊಂದು, ಅದರ ಕೆಳಗಿನ ಗಟ್ಟಿ ಕಲ್ಲಿನ ಬಿರುಕುಗಳಲ್ಲಿ. ಬೋರ್‌ವೆಲ್ ಆ ಬಿರುಕಿಗೆ ತಾಗಿದರೆ ನೀರು. ಎರಡು ಅಡಿ ಪಕ್ಕಕ್ಕೆ ಹೋದರೆ ಧೂಳು. ಪಕ್ಕದ ಹೊಲದಲ್ಲಿ ನೀರು ಬಂದು ನಮ್ಮಲ್ಲಿ ಬರದಿರುವುದಕ್ಕೆ ಕಾರಣ ಇದೇ. ಅದೃಷ್ಟದ ಮಾತಲ್ಲ.

ನಾಲ್ಕು ಸಲಾಕೆಗಳಲ್ಲಿ ಹೊರಗಿನ ಎರಡರಿಂದ ನೆಲಕ್ಕೆ ಸ್ವಲ್ಪ ಕರೆಂಟ್ ಬಿಡುತ್ತೇವೆ. ಒಳಗಿನ ಎರಡರ ನಡುವೆ ವೋಲ್ಟೇಜ್ ಅಳೆಯುತ್ತೇವೆ. ಹೊರಗಿನ ಸಲಾಕೆಗಳನ್ನು ದೂರ ದೂರ ಸರಿಸಿದಷ್ಟೂ ಕರೆಂಟ್ ಹೆಚ್ಚು ಆಳಕ್ಕೆ ಇಳಿದು ಬರುತ್ತದೆ. ಒಣ ಗಟ್ಟಿ ಕಲ್ಲು ಕರೆಂಟನ್ನು ಬಿಡುವುದಿಲ್ಲ, ಅಲ್ಲಿ ರೋಧ ಸಾವಿರಾರು ಓಮ್-ಮೀಟರ್ ತೋರಿಸುತ್ತದೆ. ನೀರು ತುಂಬಿದ ಶಿಥಿಲ ಪದರ ಸುಲಭವಾಗಿ ಬಿಡುತ್ತದೆ, ಅಂಕಿ ಹತ್ತಾರು, ನೂರಾರರ ಲೆಕ್ಕಕ್ಕೆ ಇಳಿಯುತ್ತದೆ. ಅಂಕಿ ಇಳಿದ ಜಾಗದಲ್ಲಿ ನೀರು ಇರಬಹುದು.

ಇರಬಹುದು ಅಷ್ಟೇ. ಯಾಕೆಂದರೆ ಜೇಡಿಮಣ್ಣೂ ಕರೆಂಟನ್ನು ಅಷ್ಟೇ ಸುಲಭವಾಗಿ ಬಿಡುತ್ತದೆ. ಜೇಡಿಯಲ್ಲಿ ತೇವ ಇದ್ದರೂ ಅದು ನೀರನ್ನು ಬಿಟ್ಟುಕೊಡುವುದಿಲ್ಲ. ನನ್ನ ಮೀಟರಿನಲ್ಲಿ ಅಂಕಿ ಇಳಿದದ್ದು ಜೇಡಿಯಿಂದ. ನಾನು ಅದನ್ನು ನೀರು ಅಂದುಕೊಂಡೆ. ಬಾವಿಯೊಳಗೆ ಇಣುಕಿದ್ದರೆ ಆ ತಪ್ಪು ಆಗುತ್ತಿರಲಿಲ್ಲ. ಇನ್ನೂ ಒಂದು ಮಾತು. 800 ಅಡಿ ಕೆಳಗಿರುವ ಸಣ್ಣ ಬಿರುಕು ಈ ಮೀಟರಿಗೆ ಕಾಣುವುದೇ ಇಲ್ಲ. ಅದಕ್ಕಾಗಿಯೇ ಉಪಗ್ರಹ ಚಿತ್ರದಲ್ಲಿ ಬಿರುಕಿನ ಗೆರೆಗಳನ್ನು ಹುಡುಕಬೇಕು. ಊರಿನ ಹಳೇ ಬೋರ್‌ಗಳ ಲೆಕ್ಕ ಕೇಳಬೇಕು. ಕರಿಕಲ್ಲಿನ ಡೈಕ್ ಎಲ್ಲಿ ಹಾದುಹೋಗಿದೆ ಎಂದು ನಡೆದು ನೋಡಬೇಕು. ಡೈಕ್ ಅಂದರೆ ಕರಗಿದ ಶಿಲಾರಸ ಹಳೇ ಬಿರುಕಿಗೆ ನುಗ್ಗಿ ಗಟ್ಟಿಯಾದದ್ದು. ನೆಲದಡಿ ಗೋಡೆ ಕಟ್ಟಿದ ಹಾಗೆ ನಿಂತಿರುತ್ತದೆ. ಎಷ್ಟೋ ಕಡೆ ನೀರು ಅದರ ಮೇಲ್ಮಗ್ಗುಲಲ್ಲಿ ತಡೆದು ನಿಲ್ಲುತ್ತದೆ.

ಕ್ಲಾಸಿನಲ್ಲಿ ಕಲಿಸುವುದು

ಪಿಯುಸಿ ವಿಜ್ಞಾನ ಮುಗಿಸಿದವರು ಬಿ.ಎಸ್ಸಿ.ಯಲ್ಲಿ ಭೂವಿಜ್ಞಾನ ತೆಗೆದುಕೊಳ್ಳಬಹುದು. ಸಾಮಾನ್ಯವಾಗಿ ಇದರ ಜೊತೆಗೆ ಭೌತಶಾಸ್ತ್ರ, ರಸಾಯನಶಾಸ್ತ್ರ ಅಥವಾ ಗಣಿತ ಇರುತ್ತದೆ. ಎಲ್ಲ ಕಾಲೇಜುಗಳಲ್ಲೂ ಈ ವಿಷಯ ಇಲ್ಲ, ಕೇಳಿ ನೋಡಬೇಕು. ಗಣಿತ ಬಿಟ್ಟು ಬರಬೇಡಿ ಎಂಬುದು ನನ್ನ ಗಟ್ಟಿ ಸಲಹೆ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಮೊದಲ ವರ್ಷ ಕಲ್ಲು, ಖನಿಜಗಳ ಪರಿಚಯ. ನಮ್ಮೂರಲ್ಲಿ ಹೆಸರಿರುವ ಕಲ್ಲುಗಳೇ ಇಲ್ಲಿ ಮತ್ತೆ ಸಿಗುತ್ತವೆ. ಬೆಣಚುಕಲ್ಲು, ಬಳಪದ ಕಲ್ಲು, ಸುಣ್ಣಕಲ್ಲು, ಕಾಗೆಬಂಗಾರ, ಮುರಕಲ್ಲು. ಉಗುರಿನಿಂದ ಗೀರಿದರೆ ಗೀಟು ಬೀಳುತ್ತದಾ? ಚಾಕುವಿನಿಂದ? ಬೆಣಚುಕಲ್ಲಿಗೆ ಚಾಕು ನಾಟುವುದಿಲ್ಲ, ಬದಲಿಗೆ ಚಾಕುವೇ ಸವೆಯುತ್ತದೆ. ಬಳಪದ ಕಲ್ಲಿಗೆ ಉಗುರೇ ಸಾಕು. ಹೊಯ್ಸಳರ ಶಿಲ್ಪಿಗಳು ಹಳೇಬೀಡಿನಲ್ಲಿ ಬೆರಳಿನ ಉಂಗುರದವರೆಗೂ ಕೆತ್ತಲು ಆದದ್ದು ಈ ಮೆತ್ತನೆ ಕಲ್ಲಿನಿಂದ. ಹಂಪಿಯವರ ಕೈಯಲ್ಲಿದ್ದದ್ದು ಗ್ರಾನೈಟ್, ಅಲ್ಲಿನ ಕೆತ್ತನೆಯ ಗುಣವೇ ಬೇರೆ.

ಆಮೇಲೆ ತೆಳು ಫಲಕ ಮಾಡುವ ಪಾಠ. ನನಗೆ ಇಡೀ ಓದಿನಲ್ಲಿ ಅತ್ಯಂತ ಇಷ್ಟವಾದದ್ದು ಇದು. ಕಲ್ಲಿನ ಒಂದು ಚೂರನ್ನು ಗರಗಸದಲ್ಲಿ ಕೊಯ್ದು, ಒಂದು ಮೈ ನುಣುಪು ಮಾಡಿ, ಗಾಜಿನ ಪಟ್ಟಿಗೆ ಅಂಟಿಸುತ್ತೇವೆ. ಇನ್ನೊಂದು ಮೈಯನ್ನು ಕಾರ್ಬೊರಂಡಮ್ ಪುಡಿ ಮತ್ತು ನೀರು ಹಾಕಿ ಗಾಜಿನ ಮೇಲೆ ಉಜ್ಜುತ್ತಾ ಹೋಗಬೇಕು. ಕೊನೆಗೆ ದಪ್ಪ 0.03 ಮಿಲಿಮೀಟರ್‌ಗೆ ಬರಬೇಕು. ಅಷ್ಟು ತೆಳುವಾದರೆ ಕಲ್ಲಿನ ಮೂಲಕವೂ ಬೆಳಕು ಹಾಯುತ್ತದೆ. ದಪ್ಪ ಸರಿ ಆಯ್ತು ಅಂತ ಗೊತ್ತಾಗುವುದು ಹೇಗೆ? ಪೋಲರೈಸಿಂಗ್ ಸೂಕ್ಷ್ಮದರ್ಶಕದಲ್ಲಿ ಬೆಣಚುಕಲ್ಲಿನ ಕಣಗಳನ್ನು ನೋಡಬೇಕು. ಹಳದಿ ಕಂಡರೆ ಇನ್ನೂ ದಪ್ಪ ಇದೆ. ಬೂದು ಬಿಳಿ ಕಂಡರೆ ಸಾಕು, ಕೈ ನಿಲ್ಲಿಸಿ. ಇನ್ನೆರಡು ಸಲ ಉಜ್ಜಿದರೆ ಕಲ್ಲೇ ಮಾಯ. ನನ್ನ ಮೊದಲ ಫಲಕ ಸರಿಯಾದ ದಿನ, ಹೊರಗೆ ಬರೀ ಕಪ್ಪಗೆ ಕಾಣುತ್ತಿದ್ದ ಕಲ್ಲಿನೊಳಗೆ ನೀಲಿ, ಕಿತ್ತಳೆ, ಹಸಿರು ಬಣ್ಣಗಳು ತಿರುಗಿದ್ದನ್ನು ಇವತ್ತಿಗೂ ಮರೆತಿಲ್ಲ.

ಮೂರನೇ ಪಾಠ ನಕ್ಷೆ. ಇದಕ್ಕೆ ಹಂಚಿನ ಮನೆ ಮಾಡು ನೆನಪಿಸಿಕೊಳ್ಳಿ. ಮಳೆನೀರು ಜಾರಿ ಇಳಿಯುವ ದಿಕ್ಕು ಮತ್ತು ಇಳಿಜಾರಿನ ಕೋನ ಸೇರಿ ಡಿಪ್. ಮಾಡಿನ ಮೇಲೆ ಅದಕ್ಕೆ ಅಡ್ಡವಾಗಿ ಹೋಗುವ ಸಮತಲ ಗೆರೆ ಸ್ಟ್ರೈಕ್. ಕಲ್ಲಿನ ಪದರಗಳೂ ಹೀಗೇ ವಾಲಿಕೊಂಡಿರುತ್ತವೆ. ಬ್ರಂಟನ್ ಕಂಪಾಸ್ ಇಟ್ಟು ಎರಡನ್ನೂ ಅಳೆಯುತ್ತೇವೆ. ಈಗ ಲೆಕ್ಕ ನೋಡಿ. ಸಮತಟ್ಟಾದ ನೆಲದ ಮೇಲೆ ಒಂದು ಕಡೆ ಅದಿರಿನ ಪದರ ಕಾಣುತ್ತಿದೆ, ಅದು 30 ಡಿಗ್ರಿ ವಾಲಿದೆ. ವಾಲಿದ ದಿಕ್ಕಿಗೆ 100 ಮೀಟರ್ ನಡೆದು ನಿಂತರೆ, ಅದೇ ಪದರ ನಿಮ್ಮ ಕಾಲಡಿ ಸುಮಾರು 58 ಮೀಟರ್ ಆಳದಲ್ಲಿರುತ್ತದೆ. ಹತ್ತನೇ ಕ್ಲಾಸಿನ ಟ್ಯಾನ್ ಸೂತ್ರ, ಅಷ್ಟೇ. ಎಷ್ಟು ಅಡಿ ಕೊರೆಯಬೇಕು ಎಂದು ಕೊರೆಯುವ ಮೊದಲೇ ಹೇಳಬಹುದು. ಗಣಿತ ಬೇಕು ಅಂದದ್ದು ಇದಕ್ಕೇ. ಪದರ ಮಡಚಿಕೊಂಡಿದ್ದರೆ, ಮುರಿದು ಜರುಗಿದ್ದರೆ ಲೆಕ್ಕ ಕಷ್ಟವಾಗುತ್ತದೆ. ಆದರೆ ದಾರಿ ಅದೇ.

ಇದೆಲ್ಲದರ ಜೊತೆ ಕಾಲದ ಲೆಕ್ಕ ತಲೆಗೆ ಹೋಗಬೇಕು. ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷ. ಬೆಂಗಳೂರಿನ ಲಾಲ್‌ಬಾಗ್ ಬಂಡೆಗೆ ಸುಮಾರು 300 ಕೋಟಿ. ಕೆಂಪೇಗೌಡರ ಗೋಪುರ ನಿಂತಿರುವ ಆ ಬಂಡೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಬೆಳಗ್ಗೆ ವಾಕಿಂಗ್ ಹೋಗುವವರು ಸುಮ್ನೆ ದಾಟಿ ಹೋಗುತ್ತಾರೆ. ಒಂದು ನಿಮಿಷ ಬಗ್ಗಿ ನೋಡಿದರೆ ಬಿಳಿ ಕಪ್ಪು ಪಟ್ಟೆಗಳು ಹಿಟ್ಟು ನಾದಿದಂತೆ ತಿರುಚಿಕೊಂಡಿರುವುದು ಕಾಣುತ್ತದೆ. ಆ ಕಲ್ಲು ಒಂದು ಕಾಲದಲ್ಲಿ ಭೂಮಿಯ ಆಳದಲ್ಲಿ ಮೆತ್ತಗಾಗಿ ನಲುಗಿತ್ತು ಎನ್ನುವುದಕ್ಕೆ ಅದು ಸಾಕ್ಷಿ. ಚಿತ್ರದುರ್ಗದ ಮರಡಿಹಳ್ಳಿಯಲ್ಲಿ ದಿಂಬು ಜೋಡಿಸಿದ ಹಾಗೆ ಕಾಣುವ ಲಾವಾ ಇದೆ. ಬಿಸಿ ಲಾವಾ ನೀರೊಳಗೆ ಹರಿದರೆ ಮಾತ್ರ ಆ ಆಕಾರ ಬರುತ್ತದೆ. ಅಂದರೆ ಇವತ್ತು ಮಳೆಗೆ ಕಾಯುವ ಆ ಒಣ ನೆಲ ಒಮ್ಮೆ ನೀರಿನಡಿ ಇತ್ತು. ಮಲ್ಪೆಯ ಸೇಂಟ್ ಮೇರಿಸ್ ದ್ವೀಪದ ಕಲ್ಲಿನ ಕಂಬಗಳು ಭಾರತ ಮತ್ತು ಮಡಗಾಸ್ಕರ್ ಬೇರೆಯಾದ ಕಾಲದವು, ಸುಮಾರು 8.8 ಕೋಟಿ ವರ್ಷ ಹಳೆಯವು.

ಎಲ್ಲಿ ಓದಬಹುದು

ನಮ್ಮ ರಾಜ್ಯಕ್ಕೆ ಈ ವಿಷಯದಲ್ಲಿ ಹಳೇ ಬೇರು ಇದೆ. ಮೈಸೂರು ಸಂಸ್ಥಾನ 1894ರಲ್ಲೇ ತನ್ನದೇ ಭೂವಿಜ್ಞಾನ ಇಲಾಖೆ ಶುರು ಮಾಡಿತ್ತು. ಅದರ ಮೊದಲ ಮುಖ್ಯಸ್ಥರು ರಾಬರ್ಟ್ ಬ್ರೂಸ್ ಫೂಟ್. ಅದೇ ಇಲಾಖೆಯಲ್ಲಿ ಮುಂದೆ ದುಡಿದ ಬಿ.ಪಿ. ರಾಧಾಕೃಷ್ಣ ಅವರು 1958ರಲ್ಲಿ ಬೆಂಗಳೂರಿನಲ್ಲಿ ಜಿಯಾಲಾಜಿಕಲ್ ಸೊಸೈಟಿ ಆಫ್ ಇಂಡಿಯಾ ಕಟ್ಟಿದರು.

ಎಂ.ಎಸ್ಸಿ.ಗೆ ಮೈಸೂರಿನ ಮಾನಸಗಂಗೋತ್ರಿ, ಬೆಂಗಳೂರಿನ ಜ್ಞಾನಭಾರತಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಇವೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಅನ್ವಯಿಕ ಭೂವಿಜ್ಞಾನ, ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಸಾಗರ ಭೂವಿಜ್ಞಾನ, ಕಲಬುರಗಿ ಹತ್ತಿರ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೂ ಭೂವಿಜ್ಞಾನ ಇದೆ. ಐಐಟಿಗಳಲ್ಲಿ ಎಂ.ಎಸ್ಸಿ. ಮಾಡಬೇಕಾದರೆ ಜ್ಯಾಮ್ ಪರೀಕ್ಷೆಯ ಭೂವಿಜ್ಞಾನ ಪತ್ರಿಕೆ ಬರೆಯಬೇಕು. ಖರಗ್‌ಪುರ, ಮುಂಬಯಿ, ರೂರ್ಕಿ ಮತ್ತು 1926ರಿಂದ ಗಣಿ ವಿದ್ಯೆಗೇ ಹೆಸರಾದ ಧನಬಾದ್ ಇದರಲ್ಲಿ ಮುಖ್ಯ. ಸಂಶೋಧನೆಗೆ ಬೆಂಗಳೂರಿನ ಐಐಎಸ್‌ಸಿಯಲ್ಲಿ ಭೂವಿಜ್ಞಾನ ಕೇಂದ್ರ ಇದೆ, ಹೈದರಾಬಾದಿನಲ್ಲಿ ಎನ್‌ಜಿಆರ್‌ಐ ಎಂಬ ಭೂಭೌತ ಸಂಶೋಧನಾ ಸಂಸ್ಥೆ ಇದೆ.

ಒಂದು ಮಾತು ಮೊದಲೇ ತಿಳಿದಿರಲಿ. ಬರೀ ಬಿ.ಎಸ್ಸಿ.ಗೆ ನಿಲ್ಲಿಸಿದರೆ ಈ ಕ್ಷೇತ್ರದಲ್ಲಿ ಕೆಲಸ ಕಡಿಮೆ. ಬಾಗಿಲು ತೆರೆಯುವುದು ಎಂ.ಎಸ್ಸಿ.ಯಿಂದ. ಐದು ವರ್ಷ ಓದಲು ಮನೆಯಲ್ಲಿ ಒಪ್ಪಿಗೆ ಇದೆಯಾ ಅಂತ ಮೊದಲೇ ಕೂತು ಮಾತಾಡಿಕೊಳ್ಳುವುದು ಒಳ್ಳೆಯದು.

ಕೆಲಸಗಳು

ಜಾಸ್ತಿ ಜನ ಕಣ್ಣಿಟ್ಟಿರುವುದು ಯುಪಿಎಸ್‌ಸಿ ನಡೆಸುವ ಕಂಬೈನ್ಡ್ ಜಿಯೋ-ಸೈಂಟಿಸ್ಟ್ ಪರೀಕ್ಷೆಯ ಮೇಲೆ. 1851ರಲ್ಲಿ ಶುರುವಾದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ, ಅಂದರೆ ಜಿಎಸ್‌ಐ, ಮತ್ತು ಕೇಂದ್ರ ಅಂತರ್ಜಲ ಮಂಡಳಿಗೆ ಇದೇ ದಾರಿ. ವಯಸ್ಸು 21ರಿಂದ 32, ಮೀಸಲಾತಿ ಇರುವವರಿಗೆ ಸಡಿಲಿಕೆ ಇದೆ. ಮೊದಲು ಪ್ರಿಲಿಮ್ಸ್, ಆಮೇಲೆ ತಲಾ 200 ಅಂಕದ ಮೂರು ಮೇನ್ಸ್ ಪತ್ರಿಕೆಗಳು, ಕೊನೆಗೆ ಸಂದರ್ಶನ. ಉತ್ತರ ಬರೆಯಬೇಕಾದ್ದು ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದಿಂದ ಬಂದವರು ಎಂ.ಎಸ್ಸಿ. ಮೊದಲ ವರ್ಷದಿಂದಲೇ ವಾರಕ್ಕೆ ಎರಡು ಉತ್ತರ ಬರೆದು ಯಾರಿಗಾದರೂ ತೋರಿಸುತ್ತಾ ಬಂದರೆ ಈ ತೊಡಕು ದಾಟಬಹುದು. ವಿಷಯ ಗೊತ್ತಿದ್ದೂ ಬರೆಯಲಾಗದೆ ಹಿಂದೆ ಉಳಿದವರನ್ನು ನಾನು ಕಂಡಿದ್ದೇನೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವರೂ ಇದೇ ಪರೀಕ್ಷೆಯಲ್ಲಿ ಜಿಯೋಫಿಸಿಸಿಸ್ಟ್ ಹುದ್ದೆಗೆ ಕೂರಬಹುದು. ಇದು ಬಹಳ ಜನಕ್ಕೆ ಗೊತ್ತಿಲ್ಲ. ಜಿಯಾಲಜಿಸ್ಟ್ ಹುದ್ದೆ ಗ್ರೂಪ್ ಎ. ಏಳನೇ ವೇತನ ಆಯೋಗದ ಪ್ರಕಾರ ಮೂಲ ವೇತನ 56,100 ರೂಪಾಯಿಯಿಂದ ಶುರು.

ಜಿಎಸ್‌ಐ ತನ್ನ ಕ್ಷೇತ್ರ ತರಬೇತಿಗೆ ಆರಿಸಿಕೊಂಡ ಜಾಗಗಳಲ್ಲಿ ನಮ್ಮ ಚಿತ್ರದುರ್ಗವೂ ಒಂದು. ಬೇರೆ ಬೇರೆ ರಾಜ್ಯಗಳ ಹೊಸ ಜಿಯಾಲಜಿಸ್ಟರು ಸುತ್ತಿಗೆ ಹಿಡಿದು ಅಲ್ಲಿನ ಗುಡ್ಡಗಳನ್ನು ಹತ್ತಿ ಇಳಿಯುತ್ತಾರೆ. ಆ ಗುಡ್ಡಗಳ ಕೆಳಗೆ ಹುಟ್ಟಿ ಬೆಳೆದ ಮಕ್ಕಳು ಈ ಪರೀಕ್ಷೆ ಬರೆಯಬೇಕು ಅನ್ನುವುದು ನನ್ನ ಆಸೆ.

ಇನ್ನು ಗಣಿ. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಆಗ ಅದರ ಆಳ 3 ಕಿಲೋಮೀಟರ್ ದಾಟಿತ್ತು. ರಾಯಚೂರು ಜಿಲ್ಲೆಯ ಹಟ್ಟಿ ಗಣಿ ಇವತ್ತೂ ಚಿನ್ನ ತೆಗೆಯುತ್ತಿದೆ. ಒಂದು ಟನ್ ಅದಿರು ಅರೆದರೆ ಸಿಗುವುದು ಕೆಲವೇ ಗ್ರಾಂ. ಹೀಗಿರುವಾಗ ಚಿನ್ನದ ಎಳೆ ಯಾವ ಕಡೆ ತಿರುಗಿತು ಎಂದು ದಿನವೂ ಹೇಳುವವರು ಬೇಕೇ ಬೇಕು. ಆ ಕೆಲಸ ಗಣಿಯ ಜಿಯಾಲಜಿಸ್ಟರದು. ಸಂಡೂರಿನ ಕಬ್ಬಿಣದ ಅದಿರು, ಕೇಂದ್ರ ಸರ್ಕಾರದ ಗಣಿ ಕಂಪನಿ ಎನ್‌ಎಂಡಿಸಿಯ ದೋಣಿಮಲೈ ಗಣಿ, ಕಲಬುರಗಿ ಕಡೆಯ ಸಿಮೆಂಟ್ ಕಂಪನಿಗಳ ಸುಣ್ಣಕಲ್ಲಿನ ಗಣಿಗಳು, ಇಲ್ಲೆಲ್ಲ ಕೆಲಸ ಇದೆ. ಎಂ.ಎಸ್ಸಿ. ಜೊತೆಗೆ ಐದು ವರ್ಷ ಗಣಿಯಲ್ಲಿ ಮೇಲ್ವಿಚಾರಣೆಯ ಅನುಭವ ಇದ್ದರೆ ಗಣಿ ಯೋಜನೆ ತಯಾರಿಸುವ ಅರ್ಹತೆಯೂ ಬರುತ್ತದೆ. ಸ್ವಂತವಾಗಿ ದುಡಿಯಲು ಅದು ಒಳ್ಳೆಯ ದಾರಿ. ಕೋಲ್ ಇಂಡಿಯಾ, ಒಎನ್‌ಜಿಸಿಯಂಥ ಸಾರ್ವಜನಿಕ ಕಂಪನಿಗಳು ಗೇಟ್ ಪರೀಕ್ಷೆಯ ಅಂಕ ನೋಡಿಯೋ ತಮ್ಮದೇ ಪರೀಕ್ಷೆ ಇಟ್ಟೋ ಆರಿಸಿಕೊಳ್ಳುತ್ತವೆ.

ಹೊಸ ಖನಿಜ ಹುಡುಕುವುದು ಇನ್ನೊಂದು ಲೋಕ. ಮಂಡ್ಯದ ಮರಳಗಾಲದಲ್ಲಿ ಲಿಥಿಯಂ ಸಿಕ್ಕಿತು ಎಂದು ಪತ್ರಿಕೆಗಳಲ್ಲಿ ಬಂದದ್ದು ನೆನಪಿದೆಯಾ? 2020ರಲ್ಲಿ ಸುದ್ದಿಯಾದ ಅಂದಾಜು ಸುಮಾರು 14,100 ಟನ್. 2023ರಲ್ಲಿ ಸರ್ಕಾರ ಸಂಸತ್ತಿಗೆ ಕೊಟ್ಟ ಉತ್ತರದಲ್ಲಿ ಅದು 1,600 ಟನ್. ಎರಡರ ನಡುವೆ ಇಷ್ಟು ವ್ಯತ್ಯಾಸ ಯಾಕೆ? ಹುಡುಕಾಟಕ್ಕೆ ಹಂತಗಳಿವೆ. ಜಿ-4 ಅಂದರೆ ಬರೀ ಮೇಲ್ಮೇಲೆ ನೋಡಿದ್ದು. ಜಿ-3, ಜಿ-2 ಎಂದು ಇಳಿದಂತೆ ಕೊರೆಯುವ ಬೋರ್‌ಗಳು ಹತ್ತಿರ ಹತ್ತಿರವಾಗುತ್ತವೆ, ಅಂದಾಜು ಗಟ್ಟಿಯಾಗುತ್ತದೆ. ಜಿ-1ಕ್ಕೆ ಬಂದರೆ ಗಣಿ ತೆಗೆಯುವ ಮಾತಾಡಬಹುದು. ಮರಳಗಾಲದ 1,600 ಟನ್ ಜಿ-3ರ ಲೆಕ್ಕ. ಅಲ್ಲಿ ಹುಡುಕಿದ್ದು ಅಣುಶಕ್ತಿ ಇಲಾಖೆಯ ಖನಿಜ ಹುಡುಕುವ ಸಂಸ್ಥೆ ಎಎಂಡಿ. ಈ ಸಂಸ್ಥೆಯೂ ಭೂವಿಜ್ಞಾನ ಓದಿದವರನ್ನು ತೆಗೆದುಕೊಳ್ಳುತ್ತದೆ.

ನಗರಗಳಲ್ಲಿ ಕೆಲಸ ಕೊಡುತ್ತಿರುವುದು ಸುರಂಗ. ಬೆಂಗಳೂರಿನ ಮೆಟ್ರೊ ಗುಲಾಬಿ ಮಾರ್ಗದಲ್ಲಿ ಸುಮಾರು 13.8 ಕಿಲೋಮೀಟರ್ ನೆಲದಡಿ ಇದೆ. ಬೆಂಗಳೂರಿನ ನೆಲ ಸುರಂಗ ಕೊರೆಯುವ ಯಂತ್ರಕ್ಕೆ ತೊಂದರೆ ಕೊಡುವಂಥದ್ದು. ಒಂದು ಕಡೆ ಮೆತ್ತನೆ ಮಣ್ಣು, ಹತ್ತು ಮೀಟರ್ ಮುಂದೆ ಗಟ್ಟಿ ಬಂಡೆ, ಕೆಲವು ಕಡೆ ಎರಡೂ ಒಟ್ಟಿಗೆ. ಮೊದಲೇ ಕೊರೆದು ಉದ್ದನೆಯ ಕಲ್ಲಿನ ಕಡ್ಡಿ ತೆಗೆಯುತ್ತಾರೆ, ಅದಕ್ಕೆ ಕೋರ್ ಎನ್ನುತ್ತಾರೆ. ಮರದ ಪೆಟ್ಟಿಗೆಯ ಗೆರೆಗಳಲ್ಲಿ ಕೋರ್ ತುಂಡುಗಳನ್ನು ಕೊರೆದ ಕ್ರಮದಲ್ಲೇ ಜೋಡಿಸಿಡುತ್ತಾರೆ. ಜಿಯಾಲಜಿಸ್ಟ್ ಟೇಪ್ ಹಿಡಿದು ಕೂರುತ್ತಾರೆ. ಒಂದು ಮೀಟರ್ ಕೊರೆದದ್ದರಲ್ಲಿ 10 ಸೆಂಟಿಮೀಟರಿಗಿಂತ ಉದ್ದದ ತುಂಡುಗಳನ್ನು ಮಾತ್ರ ಕೂಡಿಸುತ್ತಾರೆ. 30, 22, 15 ಸೆಂಟಿಮೀಟರಿನ ಮೂರು ತುಂಡು ಸಿಕ್ಕಿ, ಉಳಿದದ್ದೆಲ್ಲ ಚೂರು ಎಂದಿಟ್ಟುಕೊಳ್ಳಿ. ಒಟ್ಟು 67. ಆ ಕಲ್ಲಿಗೆ ಶೇಕಡಾ 67 ಅಂಕ. ಇದಕ್ಕೆ ಆರ್‌ಕ್ಯೂಡಿ ಎಂದು ಹೆಸರು. 90 ದಾಟಿದರೆ ಕಲ್ಲು ಗಟ್ಟಿ, ಸುರಂಗಕ್ಕೆ ಆಸರೆ ಕಡಿಮೆ ಸಾಕು. 25ಕ್ಕಿಂತ ಇಳಿದರೆ ಹೆಜ್ಜೆ ಹೆಜ್ಜೆಗೂ ಆಸರೆ ಬೇಕು. ಒಂದು ಕಡ್ಡಾಯ ಎಚ್ಚರ ಇದೆ. ಪೆಟ್ಟಿಗೆಗೆ ಹಾಕುವಾಗ ಕೈತಪ್ಪಿ ಮುರಿದ ತುಂಡನ್ನು ಗುರುತಿಸಿ, ಒಂದೇ ತುಂಡು ಎಂದು ಲೆಕ್ಕ ಹಿಡಿಯಬೇಕು. ಹೊಸದಾಗಿ ಮುರಿದ ಮೈ ತಾಜಾ, ಚೂಪು. ನೆಲದೊಳಗೇ ಬಿರುಕು ಬಿಟ್ಟ ಮೈಗೆ ತುಕ್ಕಿನ ಕಲೆ ಇಲ್ಲವೇ ಮಣ್ಣು ಹತ್ತಿರುತ್ತದೆ. ಇಲ್ಲೂ ಮತ್ತೆ ನೋಡುವ ಕಣ್ಣೇ ಮುಖ್ಯ ಅಲ್ವಾ? ಅಣೆಕಟ್ಟು, ಘಾಟಿಯ ರೈಲು ಮಾರ್ಗ, ಹಿಮಾಲಯದ ಜಲವಿದ್ಯುತ್ ಸುರಂಗ, ಎಲ್ಲಕ್ಕೂ ಇದೇ ಪೆಟ್ಟಿಗೆ, ಇದೇ ಟೇಪು.

ಗುಡ್ಡ ಕುಸಿತದ ವಿಷಯ ಬರೆಯುವಾಗ ಕೈ ಭಾರವಾಗುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗು. 2024ರ ಜುಲೈ 16ರಂದು ಅಂಕೋಲಾದ ಶಿರೂರು. ಎರಡೇ ವಾರದಲ್ಲಿ, ಜುಲೈ 30ರಂದು ವಯನಾಡು. ಕರಾವಳಿಯ ಗುಡ್ಡಗಳಲ್ಲಿ ಮೇಲೆ ಮುರಕಲ್ಲು, ಅದರಡಿ ಶೇಡಿಮಣ್ಣು ಎನ್ನುವ ಜೇಡಿಯಂಥ ಮಣ್ಣು, ತಳದಲ್ಲಿ ಗಟ್ಟಿ ಕಲ್ಲು ಇರುವುದು ಸಾಮಾನ್ಯ. ಶೇಡಿಮಣ್ಣು ಒಣಗಿದ್ದಾಗ ಗಟ್ಟಿ, ನೀರು ಕುಡಿದರೆ ಬಲ ಕಳೆದುಕೊಳ್ಳುತ್ತದೆ. ಜೋರು ಮಳೆಯಲ್ಲಿ ಮುರಕಲ್ಲಿನ ತೂತುಗಳಿಂದ ನೀರು ಇಳಿದು, ತಳದ ಕಲ್ಲಿನ ಮೇಲೆ ನಿಂತು, ಮಣ್ಣಿನ ಕಣಗಳನ್ನು ಒಂದರಿಂದ ಒಂದು ದೂರ ತಳ್ಳುತ್ತದೆ. ರಸ್ತೆಗಾಗಿ ಗುಡ್ಡದ ಬುಡ ಕಡಿದಿದ್ದರೆ ಆಸರೆಯೂ ಹೋಗಿರುತ್ತದೆ. ಹೀಗಾದಾಗ ಇಡೀ ಮೈ ಒಮ್ಮೆಲೇ ಜಾರುತ್ತದೆ. ಯಾವ ಗುಡ್ಡ ಹೀಗೆ ಜಾರಬಹುದು ಎಂದು ಜಿಎಸ್‌ಐ ನಕ್ಷೆ ಮಾಡುತ್ತದೆ. ಬೆಂಗಳೂರಿನಲ್ಲಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಮಳೆ, ಭೂಕಂಪಗಳ ಮೇಲೆ ಕಣ್ಣಿಟ್ಟಿರುತ್ತದೆ. ರಸ್ತೆ ಎಳೆಯುವ ಮುಂಚೆ ಈ ನಕ್ಷೆ ಬಿಡಿಸಿ ನೋಡುವ ಜನ ಪ್ರತಿ ಜಿಲ್ಲೆಯಲ್ಲೂ ಇರಬೇಕು. ಈ ಓದಿಗೆ ಹೆಚ್ಚು ಮಕ್ಕಳು ಬರಬೇಕು ಎಂದು ನಾನು ಬಯಸುವುದಕ್ಕೆ ಇದೇ ದೊಡ್ಡ ಕಾರಣ.

ನೀರಿನ ಕೆಲಸ ಆಗಲೇ ಹೇಳಿದೆ. ಅಂತರ್ಜಲ ಮಂಡಳಿ, ರಾಜ್ಯದ ಅಂತರ್ಜಲ ನಿರ್ದೇಶನಾಲಯ, 2019ರ ಕೊನೆಯಲ್ಲಿ ಶುರುವಾದ ಅಟಲ್ ಭೂಜಲ ಯೋಜನೆಯಂಥವು, ಎನ್‌ಜಿಒಗಳು. ಬೆಂಗಳೂರಿನ ಸಂಸ್ಕರಿಸಿದ ನೀರನ್ನು ಕೋಲಾರದ ಕೆರೆಗಳಿಗೆ ಬಿಡುವ ಯೋಜನೆ 2018ರಲ್ಲಿ ಶುರುವಾಯಿತು. ಆ ನೀರು ಯಾವ ಬಾವಿಗೆ ಎಷ್ಟು ಇಳಿಯಿತು, ಅದರ ಗುಣ ಏನಾಯಿತು ಎಂದು ವರ್ಷಗಟ್ಟಲೆ ಅಳೆಯುವ ಕೆಲಸ ನಮ್ಮವರದೇ. ಉಪಗ್ರಹ ಚಿತ್ರ ಓದುವ ಕೆಲಸಕ್ಕೆ ಹೈದರಾಬಾದಿನ ಎನ್‌ಆರ್‌ಎಸ್‌ಸಿ ಇದೆ, ಖಾಸಗಿ ಕಂಪನಿಗಳೂ ಇವೆ. ಕಾಲೇಜಿನಲ್ಲಿ ಪಾಠ ಮಾಡುವ ಆಸೆ ಇದ್ದರೆ ನೆಟ್ ಅಥವಾ ಕೆ-ಸೆಟ್ ಎಂಬ ಅರ್ಹತಾ ಪರೀಕ್ಷೆ. ಹೊರದೇಶದಲ್ಲಿ ಆಸ್ಟ್ರೇಲಿಯಾ, ಕೆನಡಾದ ಗಣಿಗಳು, ಗಲ್ಫಿನ ತೈಲ. ಗೋವಾದ ಧ್ರುವ ಸಂಶೋಧನಾ ಕೇಂದ್ರದ ಮೂಲಕ ಅಂಟಾರ್ಕ್ಟಿಕಾಕ್ಕೆ ಹೋದವರೂ ಇದ್ದಾರೆ.

ಕಷ್ಟಗಳು

ಫೀಲ್ಡ್ ಕೆಲಸ ಮೈಮುರಿಯುವಂಥದ್ದು. ಜಿಎಸ್‌ಐನಲ್ಲಿ ಮಳೆಗಾಲ ಮುಗಿದ ಮೇಲೆ ಫೀಲ್ಡ್ ಸೀಸನ್ ಶುರುವಾದರೆ ತಿಂಗಳುಗಟ್ಟಲೆ ಕ್ಯಾಂಪ್. ಖಾಸಗಿಯಲ್ಲಿ ಮೊದಲ ಎರಡು ವರ್ಷ ಸಂಬಳ ಕಡಿಮೆ, ಕೆಲಸ ಗುತ್ತಿಗೆಯದು. ಲೋಹದ ಬೆಲೆ ಬಿದ್ದರೆ ಹುಡುಕಾಟದ ಕಂಪನಿಗಳು ಮೊದಲು ಕೈಬಿಡುವುದು ಜಿಯಾಲಜಿಸ್ಟರನ್ನೇ. ಬಳ್ಳಾರಿಯಲ್ಲಿ 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದಾಗ ಎಷ್ಟೋ ಜನ ಒಮ್ಮೆಲೇ ಕೆಲಸ ಕಳೆದುಕೊಂಡರು.

ಹೆಣ್ಣುಮಕ್ಕಳ ಮನೆಯವರು ನನ್ನನ್ನು ಆಗಾಗ ಕೇಳುತ್ತಾರೆ. 1952ರ ಗಣಿ ಕಾಯ್ದೆ ಹೆಂಗಸರಿಗೆ ನೆಲದಡಿಯ ಗಣಿ ಕೆಲಸ ನಿಷೇಧಿಸಿತ್ತು. 2019ರಲ್ಲಿ ಅದು ಸಡಿಲವಾಯಿತು. ತಾಂತ್ರಿಕ, ಮೇಲ್ವಿಚಾರಣೆಯ ಕೆಲಸಗಳಿಗೆ, ಅವರ ಲಿಖಿತ ಒಪ್ಪಿಗೆ ಇದ್ದರೆ, ಹಗಲು ಹೊತ್ತು ನೆಲದಡಿಗೂ ಇಳಿಯಲು ಆಗ ಅವಕಾಶ ಸಿಕ್ಕಿತು. ಫೀಲ್ಡಿನಲ್ಲಿ ನನಗೆ ಜಾಸ್ತಿ ಕಷ್ಟವಾದದ್ದು ಗುಡ್ಡ ಹತ್ತುವುದಲ್ಲ. ಶೌಚಾಲಯ, ಉಳಿಯಲು ಸರಿಯಾದ ಜಾಗ, ಇವೆರಡೇ. ಕ್ಯಾಂಪಿಗೆ ಹೊರಡುವ ಮುಂಚೆಯೇ ಈ ಎರಡರ ಬಗ್ಗೆ ನೇರವಾಗಿ ಕೇಳುವುದನ್ನು ರೂಢಿ ಮಾಡಿಕೊಂಡೆ. ಹಳ್ಳಿಯ ಮನೆಗಳಲ್ಲಿ ಹೆಂಗಸರು ನನ್ನನ್ನು ಒಳಗೆ ಕರೆದು ಕೂರಿಸಿ, ತಮ್ಮ ಬೋರಿನ ನೀರು ಯಾವ ತಿಂಗಳು ಇಳಿಯುತ್ತದೆ ಎಂದು ಹೇಳಿದಷ್ಟು ವಿವರವಾಗಿ ಯಾರೂ ಹೇಳಿಲ್ಲ. ನೀರು ಹೊರುವವರು ಅವರು, ಲೆಕ್ಕವೂ ಅವರಲ್ಲೇ ಇರುತ್ತದೆ.

ಸೇರುವ ಮುಂಚೆ

ಓದುವಾಗಲೇ ಕ್ಯೂಜಿಐಎಸ್ ಎಂಬ ನಕ್ಷೆ ಮಾಡುವ ಸಾಫ್ಟ್‌ವೇರ್ ಕಲಿಯಿರಿ. ದುಡ್ಡು ಕೊಡಬೇಕಾಗಿಲ್ಲ, ಸಾಧಾರಣ ಲ್ಯಾಪ್‌ಟಾಪ್ ಸಾಕು. ಲ್ಯಾಂಡ್‌ಸ್ಯಾಟ್, ಸೆಂಟಿನೆಲ್ ಉಪಗ್ರಹಗಳ ಚಿತ್ರಗಳೂ ಉಚಿತ. ನಿಮ್ಮ ತಾಲ್ಲೂಕಿನ ಕೆರೆಗಳನ್ನು ಬೇಸಿಗೆಯಲ್ಲೊಮ್ಮೆ ಮಳೆಗಾಲದಲ್ಲೊಮ್ಮೆ ಗುರುತಿಸಿ ನೋಡಿ. ಸ್ವಲ್ಪ ಪೈಥಾನ್ ಪ್ರೋಗ್ರಾಮಿಂಗ್ ಬಂದರೆ ಇನ್ನೂ ಒಳ್ಳೆಯದು. ಪರೀಕ್ಷೆಗಳ ಲೆಕ್ಕಕ್ಕೆ, ಜ್ಯಾಮ್ ಮತ್ತು ಗೇಟ್ ಎರಡೂ ಫೆಬ್ರವರಿ ಸುಮಾರಿಗೆ ನಡೆಯುತ್ತವೆ. ಯುಪಿಎಸ್‌ಸಿಯ ಜಿಯೋ-ಸೈಂಟಿಸ್ಟ್ ಅಧಿಸೂಚನೆ ಇತ್ತೀಚಿನ ವರ್ಷಗಳಲ್ಲಿ ಸೆಪ್ಟೆಂಬರ್ ಹೊತ್ತಿಗೆ ಬರುತ್ತಿದೆ.

ಕಾಲೇಜು ಆರಿಸುವಾಗ ಕಟ್ಟಡ ನೋಡಬೇಡಿ. ವಿಭಾಗಕ್ಕೆ ಹೋಗಿ, ಅಲ್ಲಿ ಓದುತ್ತಿರುವ ಮಕ್ಕಳನ್ನೇ ಕೇಳಿ. ವರ್ಷಕ್ಕೆ ಎಷ್ಟು ದಿನ ಫೀಲ್ಡಿಗೆ ಕರೆದುಕೊಂಡು ಹೋಗುತ್ತಾರೆ? ಕಂಪಾಸ್ ಒಬ್ಬರಿಗೆ ಒಂದು ಸಿಗುತ್ತದಾ, ಹತ್ತು ಜನಕ್ಕೆ ಒಂದಾ? ಸೂಕ್ಷ್ಮದರ್ಶಕಗಳಲ್ಲಿ ಎಷ್ಟು ಕೆಲಸ ಮಾಡುತ್ತಿವೆ? ತೆಳು ಫಲಕ ನೀವೇ ಉಜ್ಜುತ್ತೀರಾ, ಮಾಡಿಟ್ಟದ್ದನ್ನು ತೋರಿಸುತ್ತಾರಾ? ಕೊನೆಗೆ, ಕಳೆದ ವರ್ಷ ಮಾಡಿದ ಫೀಲ್ಡ್ ನೋಟ್‌ಬುಕ್ ಒಂದನ್ನು ತೋರಿಸಲು ಕೇಳಿ. ಅದರ ಹಾಳೆಗಳಲ್ಲಿ ಕೆಮ್ಮಣ್ಣಿನ ಬೆರಳ ಗುರುತುಗಳಿದ್ದರೆ ಅಲ್ಲಿ ಸೇರಬಹುದು.